ಮನೋರೋಗಿಯೂ ಅವನ ಊರೂ

ಐಹೊಳೆಯ ದೇವಾಲಯಗಳನ್ನು ನೋಡಿಬಂದವರಿಗೆ ಅಲ್ಲಿ ಒಂದಕ್ಕೆ ಹುಚ್ಚಿಮಲ್ಲಿಯ ಗುಡಿಯೆಂದೂ ಮತ್ತೊಂದಕ್ಕೆ ಹುಚ್ಚಪ್ಪಯ್ಯನ ಮಠವೆಂದೂ ಹೆಸರಿರುವುದು ನೆನಪಿರಬಹುದು. ಆ ಹುಚ್ಚಿಮಲ್ಲಿ ಯಾರು, ಆ ಹುಚ್ಚಪ್ಪಯ್ಯ ಯಾರು ಎಂಬ ವಿಚಾರ ಇಲ್ಲಿ ಬೇಡ. ದೇವರ ಗುಡಿಗೂ ‘ಹುಚ್ಚು’ ಎಂಬ ಮಾತಿಗೂ ನಮ್ಮ ಜನ ಹಿಂದುಮುಂದು ನೋಡದೆ ಗಂಟುಹಾಕಿದರಲ್ಲ, ಅದು ಗಮನಿಸತಕ್ಕ ಸಂಗತಿ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚೇಗೌಡ ಎಂಬ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿವೆ. ‘ಮರುಳು’ ಎಂಬ ಮಾತಂತೂ ಪೂಜ್ಯವೇ ಆಗಿಹೋಯಿತು. ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳನ್ನು ಕೈಮುಗಿದು ಹೇಳುವವರು ನಾವು. ಕಲ್ಯಾಣದ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಲಕ್ಷ್ಯಕ್ಕೂ ಬಾರದೆ ಬದುಕಿದ ಮರುಳಶಂಕರದೇವನ ಕಥೆಯನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ, ಲೋಕ ಯಾರನ್ನು ಮರುಳನೆಂದು ಬದಿಗೊತ್ತುತ್ತದೆಯೋ ಅವನಲ್ಲಿ ಏನಿದೆಯೋ ಯಾರು ಬಲ್ಲರು ಎಂಬ ಅಳುಕು ಮೂಡದಿರದು.

ಇದು ಮಾತಿನ ಒಂದು ಮುಖ. ಇನ್ನೊಂದು ಮುಖವನ್ನು ಕಾಣಲು ಯಾವ ಗ್ರಂಥವನ್ನೂ ತೆರೆಯಬೇಕಿಲ್ಲ. ಯಾವ ಊರಿನ ಬಸ್ ನಿಲ್ದಾಣದಲ್ಲಾದರೂ ಅರ್ಧ ಗಂಟೆ ನಿಂತರೆ ಸಾಕು. ಹರಕು ಬಟ್ಟೆಯವನೊಬ್ಬ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತ ಹೋಗುತ್ತಾನೆ, ಹುಡುಗರು ಕಲ್ಲು ತೂರುತ್ತಾರೆ, ದೊಡ್ಡವರು ನಗುತ್ತಾರೆ. ಗುಡಿಯ ಹೆಸರಿನಲ್ಲಿದ್ದ ಅದೇ ಮಾತು ಅಲ್ಲಿ ಬೈಗುಳವಾಗಿರುತ್ತದೆ. ಭಕ್ತನ ಹುಚ್ಚನ್ನು ಪೂಜಿಸುವ ನಾವು ರೋಗಿಯ ಹುಚ್ಚನ್ನು ಏನು ಮಾಡುತ್ತೇವೆ? ಸಾಹಿತ್ಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೇಳಿಕೊಳ್ಳಲೇಬೇಕಾದ ಪ್ರಶ್ನೆಯಿದು. ಏಕೆಂದರೆ, ನಮ್ಮ ಹಳ್ಳಿ ಎಲ್ಲರನ್ನೂ ತನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ, ಅಲ್ಲಿ ಯಾರೂ ಪರಕೀಯರಲ್ಲ ಎಂಬ ಸುಂದರವಾದ ನಂಬಿಕೆಯನ್ನು ನಾಡಿಗೆ ಹಂಚುತ್ತ ಬಂದವರಲ್ಲಿ ನಾವೂ ಸೇರಿದ್ದೇವೆ. ಆ ನಂಬಿಕೆಯಲ್ಲಿ ಎಷ್ಟು ಸತ್ಯವಿದೆ, ಎಷ್ಟು ಬರಿಯ ಸಮಾಧಾನವಿದೆ ಎಂಬುದನ್ನು ಒರೆಗೆ ಹಚ್ಚಿ ನೋಡಿದ ಕೆಲಸವೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. ಅದರ ಪರಿಚಯವನ್ನು ವಾಚಕರಿಗೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಹೆಸರು. ತೀವ್ರವಾದ ಮಾನಸಿಕ ಕಾಯಿಲೆಗಳಲ್ಲಿ ಮುಖ್ಯವಾದದ್ದು ಸ್ಕಿಜೋಫ್ರೀನಿಯಾ. ಈ ಹೆಸರನ್ನು ೧೯೦೮ರಲ್ಲಿ ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ವೈದ್ಯ ಯುಜೆನ್ ಬ್ಲಾಯ್ಲರ್. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಸೀಳಿದ ಮನಸ್ಸು’ ಎಂದರ್ಥ. ಇದನ್ನೇ ಅನುಸರಿಸಿ ಕನ್ನಡದಲ್ಲಿ ‘ಛಿದ್ರಮನಸ್ಕತೆ’ ಎಂಬ ಮಾತು ಹುಟ್ಟಿತು. ಆದರೆ ಒಬ್ಬನೇ ವ್ಯಕ್ತಿಯಲ್ಲಿ ಇಬ್ಬರು ಮನೆಮಾಡಿಕೊಂಡಿರುವರೆಂದು ಸಿನಿಮಾಗಳು ತೋರಿಸುವುದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಯಾರೂ ಇಲ್ಲದೆಡೆ ಮಾತು ಕೇಳಿಸುವುದು, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಲುಗದ ನಂಬಿಕೆ, ಆಲೋಚನೆಯ ಎಳೆ ಕಡಿದುಹೋಗುವುದು, ಕ್ರಮೇಣ ಸ್ನಾನ ಊಟ ಕೆಲಸ ಸ್ನೇಹಗಳಲ್ಲಿ ಆಸಕ್ತಿ ಬತ್ತಿಹೋಗುವುದು, ಇವು ಅದರ ಲಕ್ಷಣಗಳು. ಬಹುಮಟ್ಟಿಗೆ ಇದು ಹದಿಹರೆಯದ ಕೊನೆಯಲ್ಲಿಯೋ ಯೌವನದ ಮೊದಲಲ್ಲಿಯೋ ತಲೆಯೆತ್ತುತ್ತದೆ. ಎಂದರೆ, ಕಾಲೇಜಿನ ಬೆಂಚಿನ ಮೇಲೆ ನಮ್ಮೆದುರಿಗೆ ಕುಳಿತಿರುವ ವಯಸ್ಸಿನಲ್ಲಿ.

ಇಂಥವರಿಗೆ ಹಿಂದೆ ಇದ್ದ ಜಾಗ ಎರಡೇ: ಒಂದು ಬೀದಿ ಅಥವಾ ಮನೆಯ ಕತ್ತಲ ಕೋಣೆ, ಇನ್ನೊಂದು ಹುಚ್ಚಾಸ್ಪತ್ರೆ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಮೈಸೂರು ಸಂಸ್ಥಾನವು ೧೯೨೫ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೊಸ ಹೆಸರಿಟ್ಟಿತು. ೧೯೫೪ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡಿತು. ಇವೆರಡೂ ೧೯೭೪ರಲ್ಲಿ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಈ ನಡುವೆ, ೧೯೫೨ರಲ್ಲಿ, ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯ ಗುಣ ಗೊತ್ತಾಗಿ, ಸಂಕೋಲೆಯ ಬದಲಿಗೆ ಮಾತ್ರೆ ಬಂತು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ತಂದೆತಾಯಿ ಬಂಧುಗಳನ್ನೂ ಅಲ್ಲಿಯೇ ಉಳಿಸಿಕೊಂಡರು. ಆಸ್ಪತ್ರೆಯೆಂದರೆ ಮನೆಯವರಿಂದ ರೋಗಿಯನ್ನು ಬೇರ್ಪಡಿಸುವ ಗೋಡೆ ಎಂದಿದ್ದ ಕಾಲದಲ್ಲಿ, ಗೋಡೆಯೊಳಕ್ಕೆ ಮನೆಯನ್ನೇ ಕರೆತಂದ ಧೀಮಂತರವರು. ತಾಯಿ ತನ್ನ ಮಗ ಚೇತರಿಸಿಕೊಳ್ಳುವುದನ್ನು ಕಣ್ಣಾರೆ ಕಂಡಳು, ಆರೈಕೆ ಕಲಿತಳು, ಊರಿಗೆ ಮರಳಿ ನಾಲ್ಕು ಜನಕ್ಕೆ ಹೇಳಿದಳು.

ಅಮೃತಸರದಲ್ಲಿ ಮನೆ ಆಸ್ಪತ್ರೆಗೆ ಬಂದರೆ, ನಮ್ಮಲ್ಲಿ ಆಸ್ಪತ್ರೆ ಊರಿಗೆ ಹೋಯಿತು. ೧೯೭೫ರಲ್ಲಿ ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯಕ್ಕೆಂದೇ ಒಂದು ವಿಭಾಗ ಏರ್ಪಟ್ಟಿತು. ಬೆಂಗಳೂರಿಗೆ ಹತ್ತಿರದ ಸಕಲವಾರದಲ್ಲಿ ಅದರ ಗ್ರಾಮೀಣ ಕೇಂದ್ರ ತೆರೆಯಿತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಹಳ್ಳಿಯ ರೋಗಿಯನ್ನು ಯಾರು ನೋಡಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರೂ ಸ್ವಲ್ಪ ಕಾಲದ ತರಬೇತಿಯಿಂದ ಈ ಕೆಲಸ ಮಾಡಬಲ್ಲರೆ? ಮಾಡಬಲ್ಲರು ಎಂದು ಸಕಲವಾರ ತೋರಿಸಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. ೧೯೮೫ರಿಂದ ಅಲ್ಲಿ ನಡೆದ ಪ್ರಯೋಗವೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಇತರ ಭಾಗಗಳಿಗೆ ಹಬ್ಬಿತು. ಬಿಸಿಲು ನಾಡೆಂದು ಮಾತ್ರ ನಾವು ಬಲ್ಲ ಬಳ್ಳಾರಿಗೆ ಇಂಥದೊಂದು ಕೀರ್ತಿಯುಂಟೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಕಂಡಂತಿಲ್ಲ.

ಈಗ ನಮ್ಮ ನಂಬಿಕೆಯ ವಿಚಾರಕ್ಕೆ ಬರೋಣ. ೧೯೬೦ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೀನಿಯಾದ ಅಧ್ಯಯನವನ್ನು ಕೈಗೊಂಡಿತು. ನಮ್ಮ ಕೇಂದ್ರ ಆಗ್ರಾ. ಕೆಲವು ವರ್ಷಗಳ ತರುವಾಯ ನೋಡಿದಾಗ ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾಗಳಂಥ ದೇಶಗಳ ರೋಗಿಗಳು ಹೆಚ್ಚು ಚೇತರಿಸಿಕೊಂಡಿದ್ದರು. ಈ ಫಲಿತಾಂಶ ಲೋಕಕ್ಕೆ ಅಚ್ಚರಿ ತಂದಿತು. ನಮಗೆ ಹೆಮ್ಮೆ ತಂದಿತು. ನೋಡಿ, ನಮ್ಮ ಕೂಡುಕುಟುಂಬ, ನಮ್ಮ ಹಳ್ಳಿಯ ನಿಧಾನದ ಬದುಕು, ಹೊಲದಲ್ಲಿ ಎಲ್ಲರಿಗೂ ಒಂದಲ್ಲ ಒಂದು ಕೆಲಸ, ಇವೇ ಮದ್ದು ಎಂದು ಹೇಳಿಕೊಳ್ಳಲು ಯಾರಿಗೆ ತಾನೆ ಇಷ್ಟವಾಗದು? ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ಅಪಾಯವೂ ಬಂತು. ಹಳ್ಳಿಯೇ ಗುಣಪಡಿಸುವುದಾದರೆ ಔಷಧಿಯೇಕೆ, ವೈದ್ಯರೇಕೆ, ಸರ್ಕಾರ ಹಣ ತೆರುವುದೇಕೆ ಎನ್ನಲು ಅದು ದಾರಿಮಾಡಿತು.

ತೀರ್ಥಹಳ್ಳಿಯ ಅಧ್ಯಯನದ ಮಹತ್ತ್ವವಿರುವುದು ಇಲ್ಲಿ. ತೀರ್ಥಹಳ್ಳಿಯೆಂದೊಡನೆ ನಮಗೆ ಕುಪ್ಪಳಿ ನೆನಪಾಗುತ್ತದೆ, ಕುವೆಂಪು ನೆನಪಾಗುತ್ತಾರೆ. ಅನಂತಮೂರ್ತಿಯವರ ಮೇಳಿಗೆ ನೆನಪಾಗುತ್ತದೆ. ಮಲೆನಾಡಿನ ಆ ತಾಲ್ಲೂಕು ಕನ್ನಡ ಸಾಹಿತ್ಯದ ಭೂಪಟದಲ್ಲಿ ಎಷ್ಟು ದೊಡ್ಡದೋ ಮನೋವೈದ್ಯದ ಭೂಪಟದಲ್ಲಿಯೂ ಅಷ್ಟೇ ದೊಡ್ಡದಾಗುತ್ತಿದೆ. ಈ ಶತಮಾನದ ಮೊದಲ ದಶಕದಲ್ಲಿ ನಿಮ್ಹಾನ್ಸಿನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ಸಹೋದ್ಯೋಗಿಗಳು ಆರೋಗ್ಯ ಕಾರ್ಯಕರ್ತರ ನೆರವಿನಿಂದ ತಾಲ್ಲೂಕಿನ ಮೂಲೆಮೂಲೆಯ ರೋಗಿಗಳನ್ನು ಗುರುತಿಸಿದರು. ಸ್ಕಿಜೋಫ್ರೀನಿಯಾದಿಂದ ನರಳುವವರು ಇನ್ನೂರಕ್ಕೂ ಮಿಕ್ಕಿ ಸಿಕ್ಕಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಹೊತ್ತಿಗೆ ಔಷಧಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಮಡಿಲಲ್ಲಿಟ್ಟುಕೊಂಡ ಹಳ್ಳಿಯ ಒಳಗೇ ಇಷ್ಟು ಮಂದಿ ಇದ್ದರೆಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು.

ಚಿಕಿತ್ಸೆ ನೀಡಲು ಮುಂದಾದರೂ ನಾನಾ ಕಾರಣಗಳಿಂದ ಕೆಲವರು ಅದರ ಹೊರಗೇ ಉಳಿದರು. ಒಂದು ವರ್ಷದ ಬಳಿಕ ಎಲ್ಲರನ್ನೂ ಮತ್ತೆ ಕಂಡು, ದಿನದಿನದ ಬದುಕು ನಡೆಸುವ ಶಕ್ತಿ ಅವರಲ್ಲಿ ಹೇಗಿದೆಯೆಂದು ಅಳೆದು ನೋಡಿದರು. ಔಷಧಿ ಪಡೆದವರ ಅಶಕ್ತತೆ ಸ್ಪಷ್ಟವಾಗಿ ತಗ್ಗಿತ್ತು. ಪಡೆಯದವರದು ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಊರು ಒಂದೇ, ಗಾಳಿ ಒಂದೇ, ಅಡಕೆತೋಟದ ನೆರಳೂ ಒಂದೇ. ಆದರೆ ನೆರಳೊಂದೇ ಸಾಲಲಿಲ್ಲ. ೨೦೦೯ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಹೆಮ್ಮೆಗೆ ಸ್ವಲ್ಪ ಪೆಟ್ಟು ಕೊಟ್ಟಿರಬಹುದು. ಆದರೆ ರೋಗಿಗಳ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ವರ್ಷಾನುಗಟ್ಟಲೆ ಕೈಬಿಟ್ಟಿದ್ದವರೂ ಚಿಕಿತ್ಸೆ ದೊರೆತರೆ ಮೇಲೇಳಬಲ್ಲರೆಂದು ಅದು ಸಾರಿತು. ಮುಂದಿನ ವರ್ಷಗಳಲ್ಲಿಯೂ ಅಧ್ಯಯನಕಾರರು ಈ ಜನರ ಕೈಬಿಡಲಿಲ್ಲ. ಔಷಧಿಯೂ ಭೇಟಿಯೂ ಮುಂದುವರಿದವು. ಹೀಗೆ ಹಿಂಬಾಲಿಸಿ ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೋಟದಲ್ಲಿಯೋ ಗದ್ದೆಯಲ್ಲಿಯೋ ಮನೆಯಲ್ಲಿಯೋ ದುಡಿಯುತ್ತಿದ್ದರು. ಇದೇ ಮಾದರಿ ತುರುವೇಕೆರೆ ತಾಲ್ಲೂಕಿಗೂ ಹೋಯಿತು.

ಸಂಶೋಧನೆಯೆಂದರೆ ಬಂದರು, ಕೇಳಿದರು, ಬರೆದುಕೊಂಡರು, ಹೋದರು ಎಂಬುದೇ ಹಳ್ಳಿಯವರ ಅನುಭವ. ಜಾನಪದ ಸಂಗ್ರಹಕ್ಕೆಂದು ಹೋಗುವ ನಮ್ಮವರ ವಿಷಯದಲ್ಲಿಯೂ ಈ ಮಾತು ಸುಳ್ಳಲ್ಲ. ಹಾಡು ಹೇಳಿದ ಅಜ್ಜಿಗೆ ಅಚ್ಚಾದ ಪುಸ್ತಕ ತಲುಪುವುದು ಅಪರೂಪ. ತೀರ್ಥಹಳ್ಳಿಯಲ್ಲಿ ಕೇಳಿದವರು ಕೊಟ್ಟರು ಕೂಡ. ಕೊಡುತ್ತ ಕೊಡುತ್ತಲೇ ಕಲಿತರು. ಊರವರೊಡಗೂಡಿ ನಡೆಸುವ ಸಂಶೋಧನೆಗೆ ಇದಕ್ಕಿಂತ ಸರಳವಾದ ಲಕ್ಷಣವನ್ನು ನಾನು ಹೇಳಲಾರೆ.

ಔಷಧಿಯೊಂದೇ ಸಾಕೆ? ಇಲ್ಲಿ ನಾನು ಹತ್ತಿರದಿಂದ ಬಲ್ಲ ಒಂದು ಸಂಗತಿಯನ್ನು ಹೇಳುವುದು ಅನುಚಿತವಾಗದು. ನನ್ನ ವಿದ್ಯಾರ್ಥಿಯೊಬ್ಬನಿದ್ದ. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಹೇಳುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಬಿ.ಎ. ಎರಡನೆಯ ವರ್ಷದಲ್ಲಿ ತರಗತಿಗೆ ಬರುವುದನ್ನು ನಿಲ್ಲಿಸಿದ. ಮನೆಗೆ ಹೋದರೆ ಅವನ ತಾಯಿ ಜಗಲಿಯಲ್ಲಿಯೇ ತಡೆದು, “ಗಾಳಿ ಸೋಕಿದೆ ಮೇಷ್ಟ್ರೇ, ಯಾರಿಗೂ ಹೇಳಬ್ಯಾಡಿ, ತಂಗಿ ಮದುವೆಗಿದ್ದಾಳೆ” ಎಂದು ಕಣ್ಣೀರಿಟ್ಟರು. ಯಂತ್ರ ಕಟ್ಟಿಸಿದರು, ಹರಕೆ ಹೊತ್ತರು. ಹುಡುಗನಿಗೇ ಮದುವೆ ಮಾಡಿದರೆ ಸರಿಹೋದಾನೆಂದು ನೆಂಟರು ಸಲಹೆ ಕೊಟ್ಟರು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ಬರಿಯ ಹಾಸ್ಯವಲ್ಲ. ಅದರ ಹಿಂದೆ ಎಷ್ಟು ಮನೆಗಳ ಸಂಕಟವಿದೆಯೋ! ಕಡೆಗೆ ಆ ಊರಿನ ಆಶಾ ಕಾರ್ಯಕರ್ತೆ, ಅವನನ್ನು ಎತ್ತಿ ಆಡಿಸಿದ ಹೆಂಗಸು, ತಾಯಿಯನ್ನು ಒಪ್ಪಿಸಿ ಇಬ್ಬರನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ದೊಡ್ಡ ವೈದ್ಯರ ಮಾತಿಗೆ ಬಾಗದ ಮನೆ ಆಕೆಯ ಮಾತಿಗೆ ಬಾಗಿತು.

ಎಂಟು ತಿಂಗಳ ತರುವಾಯ ಅವನು ನನ್ನನ್ನು ಕಾಣಲು ಬಂದ. ಮೈ ಕೊಂಚ ಊದಿತ್ತು, ಮಾತು ನಿಧಾನವಾಗಿತ್ತು. ಆದರೆ ಕಣ್ಣಿನಲ್ಲಿ ಅವನೇ ಇದ್ದ. ಹೇಗಿದ್ದೀಯಪ್ಪ ಎಂದೆ. “ಮಾತ್ರೆಯಿಂದ ಕಿವಿಯೊಳಗಿನ ಮಾತು ನಿಂತುಹೋಯಿತು ಸಾರ್. ಆದರೆ ಅಷ್ಟು ಹೊತ್ತಿಗೆ ನನ್ನನ್ನು ಮಾತಾಡಿಸುವವರೂ ನಿಂತುಹೋಗಿದ್ದರು” ಎಂದ. ಅವನಿಗೆ ಮತ್ತೆ ಮಾತು ಕೊಟ್ಟವರು ಊರಿನ ಗೊಬ್ಬರದ ಅಂಗಡಿಯ ಯಜಮಾನರು. ಲೆಕ್ಕ ಬರೆಯಲು ಕರೆದು, ಇಂಥ ಹೊತ್ತಿಗೆ ಬಾ, ಇಷ್ಟು ಸಂಬಳ ಎಂದು ಉಳಿದ ಆಳುಗಳಿಗೆ ಹೇಳುವಂತೆಯೇ ಹೇಳಿದರು. ಅದರಲ್ಲಿ ಕರುಣೆಯ ಪ್ರದರ್ಶನವೇನೂ ಇರಲಿಲ್ಲ. ಅದೇ ಅವನಿಗೆ ಬೇಕಾಗಿತ್ತು.

ಮಾತ್ರೆಯ ಜೊತೆಗೆ ಬೇಕಾದ ಈ ಮತ್ತೊಂದು ಮದ್ದನ್ನೂ ವಿದ್ವಾಂಸರು ಅಳೆದು ನೋಡಿದ್ದಾರೆ. ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸಾತಾರಾಗಳಲ್ಲಿ ಸ್ಕಿಜೋಫ್ರೀನಿಯಾದ ೨೮೨ ರೋಗಿಗಳನ್ನು ಸೇರಿಸಿಕೊಂಡು ನಡೆದ ಒಂದು ಪ್ರಯೋಗದ ವರದಿ ೨೦೧೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇವರಲ್ಲಿ ೯೫ ಮಂದಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ೧೮೭ ಮಂದಿಗೆ ಅದರ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಬಂದು ಔಷಧಿ, ಆರೈಕೆ, ಕೆಲಸ, ನೆರೆಹೊರೆ ಇವೆಲ್ಲವನ್ನೂ ಕುರಿತು ಒತ್ತಾಸೆ ನೀಡುವ ಏರ್ಪಾಡು. ಹನ್ನೆರಡು ತಿಂಗಳ ಅನಂತರ ಒಟ್ಟಿನಲ್ಲಿ ಕಂಡ ಲಾಭ ಸಾಧಾರಣವಾದದ್ದೇ. ಆದರೆ ವೈದ್ಯರ ಸೌಕರ್ಯ ವಿರಳವಾಗಿದ್ದ ತಮಿಳುನಾಡಿನ ಗ್ರಾಮಾಂತರದಲ್ಲಿ ಅದು ಎದ್ದುಕಾಣುವಂತಿತ್ತು. ಎಲ್ಲಿ ಏನೂ ಇಲ್ಲವೋ ಅಲ್ಲಿ ನೆರೆಯವಳೊಬ್ಬಳ ಭೇಟಿಗೆ ಬೆಲೆ ಹೆಚ್ಚು.

ಇದೇ ೨೮೨ ಜನರನ್ನು ಅವಮಾನ, ಭೇದಭಾವಗಳ ಬಗ್ಗೆಯೂ ಕೇಳಲಾಯಿತು. ಇತರರು ತಮ್ಮನ್ನು ಕೀಳಾಗಿ ನಡೆಸಿಕೊಂಡರೆಂದು ಹೇಳಿದವರು ಶೇಕಡಾ ೪೨. ಆದರೆ ತಾನು ಎಲ್ಲರಿಂದ ಬೇರೆಯಾಗಿಬಿಟ್ಟೆ ಎಂಬ ಭಾವದಿಂದ ಒಳಗೇ ಬೆಂದವರು ಶೇಕಡಾ ೭೯. ರೋಗವನ್ನು ಗುಟ್ಟಾಗಿಡಬೇಕೆಂಬುದು ಅನೇಕರ ಅನಿಸಿಕೆ. ಎಂದರೆ, ಹೊರಗಿನ ಕಲ್ಲೇಟಿಗಿಂತ ಒಳಗಿನ ಕಲ್ಲೇಟು ಹೆಚ್ಚು. ಆ ಒಳಗಿನ ಕಲ್ಲನ್ನು ಯಾರು ಕೊಟ್ಟರು? ಹುಟ್ಟಿದಂದಿನಿಂದ ಅವನು ಕೇಳುತ್ತ ಬಂದ ಮಾತುಗಳೇ ಕೊಟ್ಟವು. ಇಲ್ಲಿಗೆ ವೈದ್ಯರ ಕೆಲಸ ಮುಗಿದು ಭಾಷೆಯವರ ಕೆಲಸ ಮೊದಲಾಗುತ್ತದೆಂದು ನನಗೆ ತೋರುತ್ತದೆ.

ಪರಿಚಿತ ವೈದ್ಯರೊಬ್ಬರು ತಮ್ಮ ಹಳ್ಳಿಯ ಶಿಬಿರಕ್ಕೆಂದು ಕನ್ನಡಕ್ಕೆ ತಂದ ಪ್ರಶ್ನೆಗಳ ಹಾಳೆಯೊಂದನ್ನು ನನಗೆ ತೋರಿಸಿದ್ದರು. ‘ನಿಮಗೆ ಧ್ವನಿಗಳು ಕೇಳುತ್ತವೆಯೆ?’ ಎಂಬುದು ಅದರ ಮೊದಲ ಪ್ರಶ್ನೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಧ್ವನಿ ಯಾರಿಗೆ ತಾನೆ ಕೇಳುವುದಿಲ್ಲ? ಕೋಗಿಲೆಯದೂ ಕೇಳುತ್ತದೆ, ಬಸ್ಸಿನದೂ ಕೇಳುತ್ತದೆ. ಹಳ್ಳಿಯವನು ಹೌದೆನ್ನುತ್ತಾನೆ, ಕಾಗದದ ಮೇಲೆ ಅವನು ರೋಗಿಯಾಗುತ್ತಾನೆ! ಸುತ್ತ ಯಾರೂ ಇಲ್ಲದಿರುವಾಗ ಯಾರೋ ಮಾತಾಡಿದ ಹಾಗೆ ಕೇಳಿಸುವುದುಂಟೆ ಎಂದು ಬದಲಾಯಿಸಿಕೊಂಡೆವು. ಆಗ ಅಲ್ಲಿಯೇ ಕುಳಿತಿದ್ದ, ಹಿಂದೆ ಇದೇ ರೋಗವನ್ನು ಅನುಭವಿಸಿ ಚೇತರಿಸಿಕೊಂಡಿದ್ದ ಹೆಂಗಸೊಬ್ಬರು, “ಹಂಗೆ ಕೇಳಿದ್ರೆ ಹೆದರ್ತಾರೆ. ‘ಕೆಲವರಿಗೆ ಹಂಗಾಗ್ತದೆ, ನಿಮಗೂ ಆಗಿತ್ತಾ’ ಅಂತ ಕೇಳಿ ಸ್ವಾಮಿ” ಎಂದರು. ನನ್ನ ಎಂ.ಎ. ಪದವಿಗೆ ಹೊಳೆಯದ ತಿದ್ದುಪಡಿಯದು. ರೋಗವನ್ನುಂಡವರನ್ನೇ ಸಂಶೋಧನೆಯಲ್ಲಿ ಜೊತೆಗಾರರನ್ನಾಗಿ ಮಾಡಿಕೊಳ್ಳಬೇಕೆಂದು ಇಂದು ವಿದ್ವಾಂಸರು ಹೇಳುವುದರ ಅರ್ಥ ನನಗೆ ಅಂದು ಮನದಟ್ಟಾಯಿತು.

ಹೆಸರಿನ ಶಕ್ತಿಯನ್ನು ಅರಿತ ಮತ್ತೊಂದು ನಾಡು ಜಪಾನ್. ಅಲ್ಲಿಯೂ ಸ್ಕಿಜೋಫ್ರೀನಿಯಾಕ್ಕೆ ‘ಮನಸ್ಸು ಸೀಳಿದ ರೋಗ’ ಎಂಬರ್ಥದ ಹೆಸರೇ ಇತ್ತು. ಆ ಮಾತು ತಮ್ಮವರ ಬದುಕನ್ನು ಕೊಲ್ಲುತ್ತಿದೆಯೆಂದು ರೋಗಿಗಳ ಕುಟುಂಬಗಳ ಸಂಘವು ಒತ್ತಾಯಿಸಿತು. ಬಹುಕಾಲದ ಚರ್ಚೆಯಾಗಿ ೨೦೦೨ರಲ್ಲಿ ಹೆಸರನ್ನು ಬದಲಿಸಲಾಯಿತು. ಅದಾದ ಮೇಲೆ ರೋಗದ ಹೆಸರನ್ನು ರೋಗಿಗೆ ಬಾಯಿಬಿಟ್ಟು ಹೇಳುವ ವೈದ್ಯರ ಸಂಖ್ಯೆ ಏರಿತು. ಹೆಸರು ಬದಲಾದರೆ ರೋಗ ಹೋಗದು ನಿಜ. ಆದರೆ ಹೇಳಬಹುದಾದ ರೋಗಕ್ಕೆ ಮದ್ದು ಕೊಡಬಹುದು, ಹೇಳಲಾಗದ ರೋಗಕ್ಕೆ ಬಾಗಿಲು ಹಾಕಿಕೊಳ್ಳಬಹುದಷ್ಟೆ.

ಬಾಗಿಲು ಹಾಕಿಕೊಂಡರೆ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. ೨೦೦೧ರ ಆಗಸ್ಟ್ ೬ರಂದು ಅಲ್ಲಿಯ ಆಶ್ರಯಧಾಮವೊಂದರ ಗುಡಿಸಲಿಗೆ ಬೆಂಕಿ ಬಿದ್ದು ೨೮ ಮನೋರೋಗಿಗಳು ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಓಡಿಹೋಗಲು ಅವರಿಗೆ ದಾರಿಯಿರಲಿಲ್ಲ. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸಕೂಡದೆಂದೂ, ಸಮಾಜದ ನಡುವೆ ಬದುಕುವುದು ಅವನ ಹಕ್ಕೆಂದೂ ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸಾರುತ್ತದೆ. ಕಾಯಿದೆ ಬಂದಿತು, ಆದರೆ ೨೦೧೫–೧೬ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಂಥ ತೀವ್ರ ಚಿತ್ತವಿಕಾರಗಳಿಂದ ನರಳುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹಕ್ಕು ಕಾಗದದಿಂದ ಇಳಿದು ಜಗಲಿಗೆ ಬರಬೇಕಾದರೆ ನಡುವೆ ಯಾರಾದರೂ ನಡೆಯಬೇಕು.

ನಡೆಯಬೇಕಾದವರಲ್ಲಿ ನಾವೂ ಇದ್ದೇವೆ. ಈ ವಿಷಯದಲ್ಲಿ ಕನ್ನಡ ಬಡಭಾಷೆಯೇನೂ ಅಲ್ಲ. ‘ಕೊರವಂಜಿ’ಯ ರಾಶಿಯವರು ನಾಡನ್ನು ನಗಿಸಿದಂತೆಯೇ ಡಾ. ಎಂ. ಶಿವರಾಂ ಆಗಿ ಮನಸ್ಸಿನ ಶಾಸ್ತ್ರವನ್ನೂ ತಿಳಿಗನ್ನಡದಲ್ಲಿ ಬರೆದರು. ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ಹಳ್ಳಿಯ ವಾಚನಾಲಯಗಳನ್ನೂ ಮುಟ್ಟಿವೆ. ಇವರ ಬರೆವಣಿಗೆಯನ್ನು ವೈದ್ಯಕೀಯವೆಂದು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುವ ನಮ್ಮ ಅಭ್ಯಾಸ ಒಳ್ಳೆಯದಲ್ಲ. ಕಾವ್ಯದಲ್ಲಿ ಉನ್ಮಾದವನ್ನು ಪಾಠಹೇಳುವ ಅಧ್ಯಾಪಕನು, ಸಂಚಾರಿಭಾವವಾದ ಆ ಉನ್ಮಾದ ಬೇರೆ, ಬೆಂಚಿನ ತುದಿಯಲ್ಲಿ ಮಂಕಾಗಿ ಕುಳಿತ ಹುಡುಗನ ಸಂಕಟ ಬೇರೆ ಎಂದು ಎರಡು ಮಾತು ಹೇಳಿದರೆ ಪಾಠಕ್ಕೆ ಭಂಗ ಬಾರದು. ಮನೆಯವರಿಗೆ ದಿಕ್ಕು ತೋಚದಾಗ ತಾಲ್ಲೂಕು ಆಸ್ಪತ್ರೆ ಇದೆಯೆಂದೂ, ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲಿಯೇ ಕೇಳಬಹುದೆಂದೂ ತಿಳಿಸಬಹುದು.

ತೀರ್ಥಹಳ್ಳಿ ನಮಗೆ ಹೇಳುವುದಿಷ್ಟು: ಹಳ್ಳಿಯ ಕರುಣೆ ಸುಳ್ಳಲ್ಲ, ಆದರೆ ಔಷಧಿಯಿಲ್ಲದ ಕರುಣೆ ಅರ್ಧದಾರಿಯಲ್ಲಿ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಯಂಥವರು ಹೇಳುವುದಿಷ್ಟು: ಔಷಧಿ ಸುಳ್ಳಲ್ಲ, ಆದರೆ ಮಾತಾಡಿಸುವವರಿಲ್ಲದ ಔಷಧಿಯೂ ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ. ಮೊದಲನೆಯ ಅರ್ಧಕ್ಕೆ ಸರ್ಕಾರವನ್ನೂ ವೈದ್ಯರನ್ನೂ ಕೇಳೋಣ, ಬಿಡದೆ ಕೇಳೋಣ. ಎರಡನೆಯ ಅರ್ಧಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.